ನಾಯಬನಿಂದ ನವಾಬನವರೆಗೆ

ಮಗ ಹಾಸಿಗೆ ಮೇಲೆ ಬಿದ್ದುಕೊಂಡೇ ನೀರು ಕೇಳಿದರೆ ಕಲಬುರಗಿಯ ಮನೆಗಳಲ್ಲಿ ಅಡುಗೆಮನೆಯಿಂದ ಒಂದು ಮಾತು ಬರುತ್ತದೆ: "ನೀ ಏನ್ ನವಾಬ ಇದ್ದಿ? ಎದ್ದು ತಗೊಂಡು ಕುಡಿ." ನಾನೂ ಇದನ್ನು ಕೇಳಿಯೇ ಬೆಳೆದವನು. ಆದರೆ ನವಾಬ ಅಂದರೆ ಮೊದಲು ಕೂತು ತಿನ್ನುವವನಲ್ಲ, ಇನ್ನೊಬ್ಬರ ಕೆಲಸ ನೋಡಿಕೊಳ್ಳುವವನು!

ಅರಬ್ಬಿಯಲ್ಲಿ 'ನಾಯಬ್' ಅಂದರೆ ಬೇರೆಯವರ ಬದಲಿಗೆ ನಿಂತವನು. ಅದರ ಬಹುವಚನದಿಂದ ಬಂದದ್ದು ನವಾಬ್. ಒಬ್ಬನೇ ಇದ್ದರೂ ಮರ್ಯಾದೆಗೆ ಬಹುವಚನ ಹಚ್ಚುವುದು ನಮಗೇನು ಹೊಸದಲ್ಲ. ಗೌಡ ಒಬ್ಬನೇ, ಕರೆಯುವುದು ಗೌಡರು ಅಂತ ಅಲ್ವಾ? ಆ ಲೆಕ್ಕದಲ್ಲಿ 'ನವಾಬರು' ಅಂದರೆ ಬಹುವಚನದ ಮೇಲೊಂದು ಬಹುವಚನ. ಮೊಗಲರ ಕಾಲದಲ್ಲಿ ಬಾದಶಹರ ಪರವಾಗಿ ಪ್ರಾಂತ್ಯ ನೋಡಿಕೊಳ್ಳುವ ಸುಬೇದಾರರಿಗೆ ಈ ಹೆಸರು ಬಂತು. ದಿಲ್ಲಿಯ ಹಿಡಿತ ಸಡಿಲಾದಂತೆ ಬಂಗಾಳ, ಅವಧ್ ಕಡೆ ಬದಲಿಗೆ ನಿಂತವರೇ ದೊರೆಗಳಾಗಿ ಕೂತರು.

ನಮ್ಮ ಭಾಗ ನಿಜಾಮರದ್ದು. ಬೀದರ್ ಜಿಲ್ಲೆಯ ಚಿಟಗುಪ್ಪ, ನಿಜಾಮರ ದೊಡ್ಡ ಸರದಾರರಾದ ಪಾಯಗಾ ಮನೆತನದ ನವಾಬರ ಜಾಗೀರಾಗಿತ್ತು. ಹೈದರಾಬಾದಿನ ದರಬಾರಿನಲ್ಲಿ ಬಿರುದುಗಳಿಗೂ ಮೆಟ್ಟಿಲುಗಳಿದ್ದವು: ಜಂಗ್, ಅದರ ಮೇಲೆ ದೌಲಾ, ಮುಲ್ಕ್, ಉಮರಾ, ಕೊನೆಗೆ ಜಾಹ್. ಹುಟ್ಟಿನಿಂದಲೇ ಬರಬೇಕು ಅಂತೇನಿರಲಿಲ್ಲ. ನಿಜಾಮಸಾಗರ ಕಟ್ಟಿದ ಎಂಜಿನಿಯರ್ ಮೀರ್ ಅಹ್ಮದ್ ಅಲಿ ಅವರು ನವಾಬ್ ಅಲಿ ನವಾಜ್ ಜಂಗ್ ಆದರು. ಅಣೆಕಟ್ಟು ಕಟ್ಟಿ ನವಾಬರಾದವರನ್ನು ಸೋಮಾರಿ ಅನ್ನಲಾದೀತೇ?

1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಮರುವರ್ಷ ಜಾಗೀರುಗಳು ರದ್ದಾದವು. 1950ರಲ್ಲಿ ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನೇ ನಿಲ್ಲಿಸಿತು. ಭೂಮಿ ಹೋಯಿತು, ದರಬಾರು ಹೋಯಿತು. ಪದಕ್ಕೆ ಉಳಿದದ್ದು ಠೀವಿ ಮಾತ್ರ. ಕೆಲಸ ಮಾಡದೆ ಹುಕುಂ ಮಾಡುವವನದ್ದು 'ನವಾಬಗಿರಿ', ಸಾಲ ಮಾಡಿ ಮೆರೆಯುವವನದ್ದು 'ನವಾಬಿ ಠಾಟು'.

ಇದರ ಅಣ್ಣ 'ನಾಯಬ' ಮಾತ್ರ ಕಚೇರಿ ಬಿಡಲಿಲ್ಲ. ಉಪ ತಹಶೀಲ್ದಾರರನ್ನು ಹಳಬರು ನಾಯಬ ತಹಶೀಲ್ದಾರ ಅಂತಲೇ ಕರೆಯುತ್ತಾರೆ. ಅಲ್ಲಿ ಇನ್ನೂ ಹಳೆಯ ಅರ್ಥವೇ: ಸಾಹೇಬರ ಕೆಳಗಿನವನು, ಸಾಹೇಬರಿಲ್ಲದಾಗ ಕಡತ ನೋಡುವವನು.

ಅಂದಹಾಗೆ, ಮಗಳು ಮಲಗಿ ನೀರು ಕೇಳಿದರೆ ನವಾಬ ಅನ್ನುವುದಿಲ್ಲ. ಅವಳಿಗೆ "ಮಹಾರಾಣಿ" ಅಂತಾರೆ. ನೀರು ಮಾತ್ರ ಅವಳೂ ಎದ್ದೇ ತಗೋಬೇಕು.