ಎರೆಮಣ್ಣು ಮೆತ್ತಿದ ಚಕ್ರ

ಧಾರವಾಡ ಜಿಲ್ಲೆಯಲ್ಲಿ ಮಳೆ ಜಾಸ್ತಿ ಬೀಳುವುದು ಕಲಘಟಗಿ, ಅಳ್ನಾವರದ ಕಡೆ. ನವಲಗುಂದ, ಅಣ್ಣಿಗೇರಿ ಕಡೆ ಹೋದಂತೆ ಮಳೆ ಇಳಿಯುತ್ತದೆ, ಗದಗಿನ ಕಡೆ ಇನ್ನೂ ಕಡಿಮೆ. ಹಾಗಾದರೆ ಬೈಕಿನ ಚಕ್ರಕ್ಕೆ ಬೇಗ ತುಕ್ಕು ಹಿಡಿಯಬೇಕಾದದ್ದು ಕಲಘಟಗಿಯಲ್ಲಿ, ಅಲ್ವಾ? ಆದರೆ ನವಲಗುಂದದಲ್ಲಿ ಸಂತೆಗೆ ಬಂದು ನಿಂತ ಬೈಕುಗಳ ಸ್ಪೋಕ್ ಒಮ್ಮೆ ನೋಡಿ. ಮೇಲೆಲ್ಲ ಹೊಳೆಯುತ್ತಿರುತ್ತದೆ, ರಿಮ್‌ಗೆ ಸೇರುವ ಕೊನೆಯ ಒಂದಿಂಚು ಮಾತ್ರ ಕಂದಾಗಿ, ಮುಟ್ಟಿದರೆ ಪುಡಿ ಉದುರುತ್ತದೆ. ಇದಕ್ಕೆ ಕಾರಣ ಅಲ್ಲಿನ ನೆಲದಲ್ಲಿದೆ, ಕಪ್ಪು ಎರೆಮಣ್ಣಿನಲ್ಲಿ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕ ಬೇಕು. ಇದು ಶಾಲೆಯಲ್ಲೇ ಕಲಿತದ್ದು. ಅಲ್ಲಿ ಹೇಳದೇ ಬಿಟ್ಟ ಮೂರನೆಯ ಸಂಗತಿ ಎಂದರೆ ಸಮಯ. ಲೋಹದ ಸವೆತವನ್ನು ಅಳೆಯುವ ಎಂಜಿನಿಯರುಗಳು ಒಂದು ಊರಿನ ಹವೆ ಎಷ್ಟು ಕೆಟ್ಟದ್ದು ಎಂದು ತಿಳಿಯಲು ಅಲ್ಲಿ ಲೋಹದ ಮೈ ವರ್ಷಕ್ಕೆ ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಗಾಳಿಯ ತೇವಾಂಶ 80% ದಾಟಿದ ಹೊತ್ತನ್ನೂ ಒದ್ದೆಯ ಹೊತ್ತೆಂದೇ ಎಣಿಸುತ್ತಾರೆ, ಏಕೆಂದರೆ ಆಗ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಲೋಹದ ಮೇಲೆ ಕೂತಿರುತ್ತದೆ. ಜೋರು ಮಳೆಯಲ್ಲಿ ನೆನೆದು ಅರ್ಧ ಗಂಟೆಯಲ್ಲಿ ಒಣಗಿದ ಚಕ್ರಕ್ಕಿಂತ, ಸ್ವಲ್ಪವೇ ನೆನೆದು ಎರಡು ದಿನ ತೇವ ಹಿಡಿದುಕೊಂಡ ಚಕ್ರ ಬೇಗ ಹಾಳಾಗುತ್ತದೆ.

ಎರೆಮಣ್ಣಿನ ಪಾತ್ರ ಇಲ್ಲೇ ಬರುವುದು. ಅದರ ಜೇಡಿಯಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಖನಿಜಗಳು ಜಾಸ್ತಿ. ಅವುಗಳ ಕಣದೊಳಗೆ ತೆಳು ಪದರಗಳು ಒಂದರ ಮೇಲೊಂದು ಕೂತಿರುತ್ತವೆ, ಪದರಗಳ ನಡುವೆ ನೀರು ಸೇರುತ್ತದೆ. ಒಂದು ಗ್ರಾಂ ಸ್ಮೆಕ್ಟೈಟ್‌ನ ಪದರಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 700 ಚದರ ಮೀಟರ್ ಆಗುತ್ತದೆ. ಹಿಂಗಾರಿ ಜೋಳ, ಕಡಲೆ ಹೆಚ್ಚು ಮಳೆಯಿಲ್ಲದೆ ಒಳಗಿನ ಹಸಿಯಲ್ಲೇ ಬೆಳೆಯುವುದು ಈ ಗುಣದಿಂದಲೇ. ನಮ್ಮ ಹೊಟ್ಟೆ ತುಂಬಿಸುವ ಅದೇ ಗುಣ ಚಕ್ರಕ್ಕೆ ಶತ್ರು. ಧಾರವಾಡದ ಪಡುವಣದ ಕೆಂಪು ಮಸಾರಿ ಮಣ್ಣು ಇಷ್ಟು ನೀರು ಹಿಡಿಯುವುದಿಲ್ಲ, ಒಣಗಿದರೆ ಉದುರಿ ಹೋಗುತ್ತದೆ. ಎರೆಮಣ್ಣು ಹಾಗಲ್ಲ. ಮಡ್‌ಗಾರ್ಡ್ ತುಂಬಿ ಚಕ್ರ ತಿರುಗದಂತೆ ಮಾಡುವ ಜಿಗುಟು ಅದರದ್ದು. ಜ್ವರ ಬಂದವರ ಹಣೆಗೆ ಇಡುವ ಒದ್ದೆ ಬಟ್ಟೆಯ ಹಾಗೆ ಅದು ಲೋಹಕ್ಕೆ ಅಂಟಿಕೊಂಡು ತಾಸುಗಟ್ಟಲೆ ತೇವ ಕೊಡುತ್ತಲೇ ಇರುತ್ತದೆ.

ಮಣ್ಣಿನ ಕೆಳಗೆ ಗಾಳಿ ಆಡುವುದಿಲ್ಲವಲ್ಲ, ಆಮ್ಲಜನಕ ಇಲ್ಲದಿದ್ದರೆ ತುಕ್ಕು ಹೇಗೆ ಎಂದು ಯಾರಿಗಾದರೂ ಅನ್ನಿಸಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ 1920ರ ದಶಕದಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿ ಉಲಿಕ್ ಇವಾನ್ಸ್ ಒಂದು ಹನಿ ಉಪ್ಪುನೀರಿನಲ್ಲಿ ಉತ್ತರ ತೋರಿಸಿದರು. ಆ ಹನಿಗೆ ಅವರು ಎರಡು ರಾಸಾಯನಿಕ ಬೆರೆಸಿದ್ದರು. ಕಬ್ಬಿಣ ಕರಗಿದ ಕಡೆ ಒಂದು ನೀಲಿ ಬಣ್ಣ ಕೊಡುತ್ತದೆ, ಆಮ್ಲಜನಕ ಖರ್ಚಾದ ಕಡೆ ಇನ್ನೊಂದು ಗುಲಾಬಿ ಬಣ್ಣ ಕೊಡುತ್ತದೆ. ಹನಿಯನ್ನು ಕಬ್ಬಿಣದ ತಗಡಿನ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೆ ಅಂಚು ಗುಲಾಬಿ, ನಡು ನೀಲಿ! ಗಾಳಿ ಸುಲಭವಾಗಿ ಸಿಗುವ ಅಂಚಿನಲ್ಲಿ ಆಮ್ಲಜನಕ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಆ ಎಲೆಕ್ಟ್ರಾನ್ ಕೊಟ್ಟು ಕರಗುವುದು ಗಾಳಿ ಸಿಗದ ನಡುವಿನ ಕಬ್ಬಿಣ. ಇದು ನನಗೆ ತುಂಬಾ ಇಷ್ಟವಾದ ಪ್ರಯೋಗ. ಮಣ್ಣಿನ ಹೆಂಟೆಯ ಕೆಳಗೆ ನಡೆಯುವುದೂ ಇದೇ. ಹೊರಗೆ ತೆರೆದ ಸ್ಪೋಕ್ ಚೆನ್ನಾಗಿಯೇ ಇರುತ್ತದೆ, ಮಣ್ಣಿನಡಿ ಮುಚ್ಚಿದ ಭಾಗ ಕುಳಿ ಬೀಳುತ್ತದೆ. ಸ್ಪೋಕನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್ಟಾದ ನಿಪ್ಪಲ್ಲಿನೊಳಗೆ, ರಿಮ್ ತೂತಿನ ಸಂದಿಯಲ್ಲೂ ಇದೇ ಕಥೆ.

ಇನ್ನು ಕ್ರೋಮ್. ರಿಮ್ಮಿನ ಮೇಲಿನ ಹೊಳೆಯುವ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೂ, ಕಡಿಮೆ ದಪ್ಪ. ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಿನ ನಿಕ್ಕಲ್ ಪದರ, ಅದು ಹಲವು ಮೈಕ್ರಾನ್ ದಪ್ಪ ಇರುತ್ತದೆ. ನಿಕ್ಕಲ್ ಪೂರ್ತಿ ಮುಚ್ಚಿಕೊಂಡಿರುವವರೆಗೆ ಚಿಂತೆಯಿಲ್ಲ. ಖಡಿ ಸಿಡಿದು ಒಂದು ಸೂಜಿಮೊನೆಯಷ್ಟು ತೂತಾದರೆ ಲೆಕ್ಕ ತಿರುಗಿಬಿಡುತ್ತದೆ. ಎರಡು ಲೋಹ ಒಟ್ಟಿಗೆ ಒದ್ದೆಯಾದಾಗ ಹೆಚ್ಚು ಚುರುಕಾದದ್ದು ಕರಗುತ್ತದೆ. ನಿಕ್ಕಲ್‌ಗಿಂತ ಕಬ್ಬಿಣ ಚುರುಕು. ಸುತ್ತಲಿನ ಇಡೀ ರಿಮ್ ಒಂದು ಕಡೆ, ತೂತಿನಲ್ಲಿ ಕಂಡ ಚೂರು ಕಬ್ಬಿಣ ಇನ್ನೊಂದು ಕಡೆ. ಅಷ್ಟಕ್ಕೂ ಎಲೆಕ್ಟ್ರಾನ್ ಕೊಟ್ಟು ಕರಗಬೇಕಾದದ್ದು ಆ ಚೂರೇ. ಹಾಗಾಗಿ ತುಕ್ಕು ಅಗಲಕ್ಕೆ ಹರಡದೆ ಆಳಕ್ಕೆ ಇಳಿಯುತ್ತದೆ. ಸತು ಲೇಪಿಸಿದ ಸ್ಪೋಕ್‌ನಲ್ಲಿ ಇದು ಉಲ್ಟಾ. ಸತು ಕಬ್ಬಿಣಕ್ಕಿಂತ ಚುರುಕು, ಗೀರು ಬಿದ್ದರೂ ತಾನೇ ಕರಗಿ ಒಳಗಿನ ಕಬ್ಬಿಣವನ್ನು ಉಳಿಸುತ್ತದೆ. ಅದರ ಮೇಲೆ ಕೂರುವ ಬೂದಿಯಂಥ ಬಿಳಿ ಪುಡಿ ಸತು ಕೆಲಸ ಮಾಡಿದ ಗುರುತು. ಚೆಂದ ಕಾಣುವುದಿಲ್ಲವೆಂದು ತಂತಿ ಬ್ರಷ್‌ನಲ್ಲಿ ಕೆರೆದು ಹೊಳಪು ತರಲು ಹೋಗಬೇಡಿ, ಕೆರೆದರೆ ಹೋಗುವುದು ರಕ್ಷಣೆಯೇ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಗೊಬ್ಬರದ ಚೀಲವನ್ನು ಬೈಕ್ ಮೇಲೆ ಹೇರಿಕೊಂಡು ಹೊಲಕ್ಕೆ ಹೋಗುವುದು. ಪೊಟ್ಯಾಷ್ ಎಂದು ಮಾರುವ ಗೊಬ್ಬರ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಕ್ಲೋರೈಡ್ ಇದ್ದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಜೊತೆಗೆ ಲೋಹದ ರಕ್ಷಣೆಯ ಪೊರೆಯೂ ಒಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಇದರಿಂದ ಕುಳಿ ಬೀಳಬಹುದು. ಚೀಲ ಸೋರಿದ್ದರೆ ಅದೇ ದಿನ ತೊಳೆಯಿರಿ. ಅರಬೈಲ್ ಘಾಟಿ ಇಳಿದು ಗೋಕರ್ಣ, ಕಾರವಾರದ ಸಮುದ್ರದಂಡೆ ಸುತ್ತಿ ಬಂದವರಿಗೂ ಇದೇ ಮಾತು. ಸವಳು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಂದು ಉಪ್ಪು ತೆಗೆದು ಇನ್ನೊಂದು ಹಚ್ಚಿದ ಹಾಗೆ ಆಗುತ್ತದೆ. ಮಣ್ಣು ಬಿಡಿಸಲು ಬೋರ್ ನೀರು ಸಾಕು, ಕೊನೆಗೆ ಒಂದು ತಂಬಿಗೆ ನಳದ ಸಿಹಿನೀರು ಸುರಿದು ಒಣ ಬಟ್ಟೆಯಿಂದ ಒರೆಸಿ. ಒರೆಸುವುದನ್ನೇ ಹೆಚ್ಚಿನವರು ಬಿಡುತ್ತಾರೆ. ನನ್ನ ಪ್ರಕಾರ ತೊಳೆಯುವುದಕ್ಕಿಂತ ಅದೇ ಮುಖ್ಯ. ಐದು ಕಿಲೋಮೀಟರ್ ಓಡಿಸಿ ತಂದರೆ ಸಂದಿಯ ನೀರೂ ಹಾರಿಹೋಗುತ್ತದೆ. ಆದರೆ ತೊಳೆದ ತಕ್ಷಣ ತಾಡಪತ್ರಿ ಹೊದಿಸಿ ಬಿಗಿದರೆ ಒಳಗಿನ ತೇವಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ.

ಅಲಾಯ್ ಚಕ್ರಕ್ಕೆ ಕಂದು ತುಕ್ಕು ಬರುವುದಿಲ್ಲ, ಅದು ಅಲ್ಯೂಮಿನಿಯಂ. ಅಲ್ಲಿ ತೊಂದರೆ ಬಿಸಿಲಿನದ್ದು. ಕಪ್ಪು ಬಣ್ಣ ಬೂದಿಯಾಗಿ ಕಂಡಾಗ ಕಪ್ಪು ಹಾರಿತು ಎನ್ನುತ್ತೇವೆ. ಸಾಮಾನ್ಯವಾಗಿ ಕಪ್ಪು ಬಣ್ಣಕ್ಕೆ ಹಾಕುವುದು ಇಂಗಾಲದ ಪುಡಿ, ಅದು ಬಿಸಿಲಿಗೆ ಜಗ್ಗುವುದಿಲ್ಲ. ಒಡೆಯುವುದು ಅದನ್ನು ಹಿಡಿದಿಟ್ಟ ರಾಳ. ನೇರಳಾತೀತ ಕಿರಣ ರಾಳದ ಉದ್ದನೆಯ ಅಣುಗಳನ್ನು ತುಂಡರಿಸುತ್ತದೆ, ಮೇಲ್ಮೈ ಪುಡಿಪುಡಿಯಾಗಿ ಬೆಳಕನ್ನು ಚದುರಿಸುತ್ತದೆ. ಬೆರಳಿಂದ ಉಜ್ಜಿದರೆ ಸುಣ್ಣದಂತೆ ಹತ್ತುವುದು ಅದೇ. ಬೇಗ ಹಿಡಿದರೆ ಮೃದುವಾದ ಪಾಲಿಶ್‌ನಿಂದ ಪುಡಿ ತೆಗೆದು ವ್ಯಾಕ್ಸ್ ಹಚ್ಚಬಹುದು. ನೆರಳಿನಲ್ಲಿ ನಿಲ್ಲಿಸುವುದು ಅದಕ್ಕಿಂತ ಒಳ್ಳೆಯದು. ಅಲಾಯ್ ಮೇಲೆ ಬಟ್ಟೆ ಸೋಡಾ ಹಾಕಬೇಡಿ, ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ.

ಕ್ರೋಮ್ ಮೇಲೆ ಬಂದ ತೆಳು ತುಕ್ಕಿಗೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸಾಕು. ಮುದುಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅದು ಕ್ರೋಮ್‌ಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಸಂಡಾಸಿಗೆ ಹಾಕುವ ಆ್ಯಸಿಡ್ ಮಾತ್ರ ಚಕ್ರದ ಹತ್ತಿರ ಬರಬಾರದು. ಅದು ತುಕ್ಕಿನ ಜೊತೆ ಕ್ರೋಮ್, ಸತು ಎರಡನ್ನೂ ತಿನ್ನುತ್ತದೆ, ಸಂದಿಯಲ್ಲಿ ಕ್ಲೋರೈಡ್ ಬಿಟ್ಟು ಹೋಗುತ್ತದೆ.

ತುಕ್ಕು ತೆಗೆದ ಮೇಲೆ ಏನು ಹಚ್ಚಬೇಕು? ಹಳೆಯ ಎಂಜಿನ್ ಆಯಿಲ್, ಡೀಸೆಲ್ ಹೊಡೆಸುವವರು ಬಹಳ. ನೀರನ್ನು ದೂರ ಇಡುತ್ತವೆ ನಿಜ, ಆದರೆ ಧೂಳನ್ನೂ ಮಣ್ಣನ್ನೂ ಹಿಡಿದಿಡುತ್ತವೆ, ಟೈರಿನ ರಬ್ಬರನ್ನು ಮೆತ್ತಗೆ ಮಾಡುತ್ತವೆ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ಸ್ಪೋಕ್‌ಗೆ ನಾನು ಹೇಳುವುದು ಅಗಸಿ ಎಣ್ಣೆ. ನಾವು ಚಟ್ನಿಪುಡಿ ಮಾಡುವ ಅಗಸಿಯದ್ದೇ. ಅದರ ಅಣುಗಳು ಗಾಳಿಯ ಆಮ್ಲಜನಕ ಹೀರಿ ಒಂದಕ್ಕೊಂದು ಕೊಂಡಿಯಾಗುತ್ತವೆ, ಎಣ್ಣೆ ಗಟ್ಟಿ ಪೊರೆಯಾಗುತ್ತದೆ. ಬಣ್ಣ ಮಾಡುವವರು ಶತಮಾನಗಳಿಂದ ಬಳಸಿದ್ದು ಇದನ್ನೇ. ಪೇಂಟ್ ಅಂಗಡಿಯಲ್ಲಿ ಬೇಗ ಒಣಗುವಂತೆ ಮಾಡಿದ ಎಣ್ಣೆ ಸಿಗುತ್ತದೆ. ಒಣ ಸ್ಪೋಕ್ ಮೇಲೆ ಬಟ್ಟೆಯಿಂದ ತೆಳ್ಳಗೆ ಸವರಿ, ನಿಪ್ಪಲ್ ಬಾಯಿಗೆ ಒಂದು ಹನಿ ಬಿಡಿ, ಪೂರ್ತಿ ಒಣಗುವವರೆಗೆ ಬಿಡಿ. ಬ್ರೇಕ್ ಡಿಸ್ಕಿಗಾಗಲಿ ಡ್ರಮ್ಮಿಗಾಗಲಿ ಎಣ್ಣೆ ತಾಗಬಾರದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕುಳಿ ಬಿದ್ದ ಸ್ಪೋಕ್‌ಗೆ ಯಾವ ಎಣ್ಣೆಯೂ ಮದ್ದಲ್ಲ. ಚಕ್ರ ತಿರುಗಿಸುತ್ತ ಸ್ಕ್ರೂಡ್ರೈವರ್‌ನಿಂದ ಒಂದೊಂದನ್ನೇ ತಟ್ಟಿ ನೋಡಿ. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದು ಸಡಿಲಾದರೆ ಅದರ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಬದಲಿಸಲು ತಡ ಮಾಡಬೇಡಿ. ಟ್ಯೂಬ್ ಇರುವ ಚಕ್ರವಾದರೆ ಮುಂದಿನ ಸಲ ಪಂಕ್ಚರ್ ಹಾಕಿಸುವಾಗ ರಿಮ್ಮಿನ ಒಳಗಿನ ರಬ್ಬರ್ ಪಟ್ಟಿಯನ್ನೂ ತೆಗೆಸಿ ನೋಡಿ. ಸ್ಪೋಕ್ ತೂತಿನಿಂದ ಇಳಿದ ನೀರು ನಿಲ್ಲುವುದು ಅಲ್ಲಿ, ಬಿಸಿಲಾಗಲಿ ಗಾಳಿಯಾಗಲಿ ಮುಟ್ಟದ ಜಾಗ ಅದು. ಅಲ್ಲಿ ಏಳುವ ತುಕ್ಕಿನ ಚಕ್ಕೆ ಟ್ಯೂಬನ್ನೂ ಕೊರೆಯುತ್ತದೆ. ಉಕ್ಕಿನ ರಿಮ್ ಆದರೆ ಕೆರೆದು, ಒಣಗಿಸಿ, ತುಕ್ಕು ತಡೆಯುವ ಬಣ್ಣವಾದ ರೆಡ್ ಆಕ್ಸೈಡ್ ಒಂದು ಕೈ ಬಳಿಸಿ, ಅದು ಒಣಗಿದ ಮೇಲೆ ಹೊಸ ಪಟ್ಟಿ ಹಾಕಿಸಿ.