ಮಳೆಗಾಲವಿಡೀ ಮುಚ್ಚಿಟ್ಟ ಕಂಪ್ಯೂಟರಿಗೆ ಯಾವ ಮದ್ದು?

ನಮ್ಮ ಕೊಡಗಿನ ಕಡೆ ಕಂಪ್ಯೂಟರಿಗೂ ಮಳೆಗಾಲದ ರಜೆ ಇತ್ತು. ಮೇ ಕೊನೆಯ ಗುಡುಗಿಗೆ ಮೋಡೆಮ್‌ನಿಂದ ಫೋನ್ ವೈರ್ ಕಿತ್ತು, ಪ್ಲಗ್ ತೆಗೆದು, ಮಾನಿಟರ್ ಮೇಲೆ ಹಳೇ ಪಂಚೆ ಹೊದಿಸಿದರೆ ಅದನ್ನು ತೆಗೆಯುತ್ತಿದ್ದದ್ದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ. ನಡುವೆ ಮರ ಬಿದ್ದು ಕರೆಂಟ್ ಇಲ್ಲ; ಕರೆಂಟ್ ಬಂದ ದಿನ ಫೋನ್ ಲೈನ್ ಸತ್ತಿರುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಸ್ವಿಚ್ ಹಾಕಿದಾಗ ಎಲ್ಲಕ್ಕಿಂತ ಮೊದಲು ಬಾಯಿ ಬಿಡುತ್ತಿದ್ದದ್ದು ಪರದೆಯ ಬಲಮೂಲೆಯ ಆಂಟಿವೈರಸ್. ಡೇಟಾಬೇಸ್ ಹಳೆಯದಾಗಿದೆ, ಕೂಡಲೇ ಅಪ್‌ಡೇಟ್ ಮಾಡಿ ಎಂಬ ಕಿತ್ತಳೆ ಬಣ್ಣದ ಗೊಣಗಾಟ. ಅಪ್ಪ ಅದನ್ನು ಗುಣಿಸು ಚಿಹ್ನೆ ಒತ್ತಿ ಮುಚ್ಚಿ ಕಾಫಿ ಲೆಕ್ಕಕ್ಕೆ ಕೂರುತ್ತಿದ್ದರು.

ಮನೆ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೇದು ಎಂದು ಈಗಲೂ ಜನ ಕೇಳುತ್ತಾರೆ. ಹೆಸರಿಗಿಂತ ಮೊದಲು ನಾನು ನೋಡುವುದು ಕೊನೆಯ ಅಪ್‌ಡೇಟಿನ ತಾರೀಕು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಮೂರರ ಸುಮಾರಿಗೆ, ಪಾಯಸ ಮಾಡುವ ಮದ್ದು ಸೊಪ್ಪನ್ನು ಅದಕ್ಕೂ ಹದಿನೈದು ದಿನ ಮೊದಲು ಕೊಯ್ದು ಪಾಯಸ ಮಾಡಿದರೆ ಬಣ್ಣವೂ ಇಲ್ಲ, ಘಮವೂ ಇಲ್ಲ ಅನ್ನುತ್ತಾರಲ್ಲ, ಹಾಗೆ ಇದೂ ತಾರೀಕು ನೋಡಿ ಕೆಲಸ ಮಾಡುವ ಮದ್ದು. ಕೊಡಗಿನಂಥ ಊರಿನಲ್ಲಿ ಆ ತಾರೀಕನ್ನು ಹೊಸದಾಗಿ ಇಟ್ಟುಕೊಳ್ಳುವುದೇ ಮೊದಲಿನಿಂದ ಕಷ್ಟ.

ಮದ್ದು ಅನ್ನುವ ಮಾತೂ ಹೊಸದಲ್ಲ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ‘ಬ್ರೈನ್’ ಬರೆದರು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಹೆಸರಾದದ್ದು ಅದು. ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ಕೂರುತ್ತಿದ್ದ ಆ ವೈರಸ್‌ನೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರುಗಳ ಜತೆಗೆ, ಲಸಿಕೆಗಾಗಿ ನಮ್ಮನ್ನು ಸಂಪರ್ಕಿಸಿ ಎಂಬ ಸಾಲೂ ಇತ್ತು. ತಮ್ಮ ಸಾಫ್ಟ್‌ವೇರ್ ಕದ್ದು ನಕಲು ಮಾಡುವವರನ್ನು ಹಿಡಿಯಲು ಮಾಡಿದ್ದು ಎಂದು ಅವರು ಆಮೇಲೆ ಹೇಳಿಕೊಂಡರು. ಕಾಯಿಲೆ ಹರಡಿದವರೇ ಲಸಿಕೆಯ ಬೋರ್ಡನ್ನೂ ತೂಗುಹಾಕಿದಂತೆ! ಮರುವರ್ಷ, 1987ರಲ್ಲಿ, ಜರ್ಮನಿಯ ಬರ್ಂಡ್ ಫಿಕ್ಸ್ ‘ವಿಯೆನ್ನಾ’ ವೈರಸ್ಸನ್ನು ಕಿತ್ತುಹಾಕುವ ಪ್ರೋಗ್ರಾಂ ಬರೆದ. ಜಾನ್ ಮೆಕಾಫಿ ಅಮೆರಿಕದಲ್ಲಿ ಕಂಪನಿ ತೆರೆದದ್ದೂ ಅದೇ ವರ್ಷ. ನಮ್ಮ ದೇಶದಲ್ಲಿ ಈ ಅಂಗಡಿ ತೆರೆದವರಲ್ಲಿ ಪುಣೆಯ ಕೈಲಾಶ್ ಮತ್ತು ಸಂಜಯ್ ಕಾಟ್ಕರ್ ಮುಖ್ಯರು. ಅಣ್ಣ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದವರು, ತಮ್ಮ ಸಂಜಯ್ ಕಂಪ್ಯೂಟರ್ ಓದಿದವರು. ರಿಪೇರಿಗೆ ಬಂದ ಕಂಪ್ಯೂಟರ್‌ಗಳಲ್ಲಿ ಕಂಡ ವೈರಸ್‌ಗೆ ಸಂಜಯ್ ಬರೆದ ಪರಿಹಾರ ಬೆಳೆದು ಕ್ವಿಕ್ ಹೀಲ್ ಎಂಬ ಆಂಟಿವೈರಸ್ ಆಯಿತು.

ಕೊಡಗಿನ ತೋಟದ ಮನೆಗಳಿಗೆ ಕಂಪ್ಯೂಟರ್ ಬಂದದ್ದರ ಹಿಂದೆ ಕಾಫಿಯೂ ಇದೆ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡುವ ಪದ್ಧತಿ 1990ರ ದಶಕದ ನಡುವಿಗೆ ಮುಗಿದು, ಯಾವಾಗ ಮಾರಬೇಕೆಂದು ಬೆಳೆಗಾರರೇ ತೀರ್ಮಾನಿಸುವಂತಾಯಿತು. ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ, ಅರೇಬಿಕಾಕ್ಕೆ ನ್ಯೂಯಾರ್ಕ್. ಆ ದರ ನೋಡಲು, ಆಳುಗಳ ವಾರದ ಬಟವಾಡೆ ಲೆಕ್ಕ ಹಾಕಲು ಮೇಜಿನ ಮೇಲೆ ಒಂದು ಪೆಟ್ಟಿಗೆ ಬಂತು. ಆಂಟಿವೈರಸ್ ಸಿಡಿ ಅದರ ಜತೆಗೇ ಬಂತು, ಜೋಡಿಸಿಕೊಟ್ಟ ಹುಡುಗನ ಚೀಲದಿಂದ. ಹಾಕಿ ಹೋದ, ಅಷ್ಟೇ. ವರ್ಷದ ಮೇಲೆ ಅವನೇ ಬಂದು ಫಾರ್ಮ್ಯಾಟ್ ಹೊಡೆದು ಅದೇ ಹಳೇ ಸಿಡಿ ಮತ್ತೆ ಹಾಕುತ್ತಿದ್ದ.

ಅದರಿಂದ ಯಾಕೆ ಉಪಯೋಗವಿಲ್ಲ ಎಂದು ತೋಟದವರಿಗೆ ಬೆರ್ರಿ ಬೋರರ್ ನೆನಪಿಸಿದರೆ ಸಾಕು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡು ಆಮೇಲೆ ನಮ್ಮ ತೋಟಗಳಿಗೂ ಇಳಿದ ಹುಳು ಅದು. ಹಣ್ಣಿನ ತುದಿಯ ಹೊಕ್ಕುಳಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು ಕಂಡರೆ ತೋಟದ ಉಸ್ತುವಾರಿ ನೋಡುವ ರೈಟರ್ ಅಲ್ಲೇ ಹೇಳಿಬಿಡುತ್ತಾನೆ. ಹಳೇ ಕಾಲದ ಆಂಟಿವೈರಸ್ ಮಾಡುತ್ತಿದ್ದದ್ದೂ ಇಷ್ಟೇ. ಒಂದೊಂದು ವೈರಸ್‌ನ ಕೋಡಿನಲ್ಲೂ ಅದಕ್ಕೇ ವಿಶಿಷ್ಟವಾದ ಒಂದು ತುಣುಕು ಇರುತ್ತದೆ. ಅಂಥ ತುಣುಕುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪ್ರತಿ ಫೈಲನ್ನೂ ತಾಳೆ ನೋಡುವುದು. ತೂತಿನ ಗುರುತೇ ಗೊತ್ತಿಲ್ಲದ ಹೊಸ ಹುಳು ಬಂದರೆ ರೈಟರ್ ಏನು ಮಾಡಿಯಾನು? 1999ರ ಸಿಡಿಗೆ 2000ದ ಮೇ 4ರಂದು ಪ್ರೇಮಪತ್ರದ ವೇಷದಲ್ಲಿ ಇ-ಮೇಲ್ ಹತ್ತಿ ಹೊರಟ ‘ಐ ಲವ್ ಯೂ’ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಪಟ್ಟಿ ತರಿಸೋಣ ಎಂದರೆ ಡಯಲಪ್. ಬಿಎಸ್‌ಎನ್‌ಎಲ್‌ನ ಇಂಟರ್‌ನೆಟ್ ಸೇವೆಯಾದ ಸಂಚಾರ್‌ನೆಟ್ ಕಾರ್ಡ್ ತಂದು, ಮೋಡೆಮ್‌ನ ಕಿರ್ರೋ ಸದ್ದು ಮುಗಿಯುವವರೆಗೆ ಕಾದು ಕೂತರೆ, ಒಳ್ಳೆಯ ಲೈನಿನಲ್ಲಿ ಸೆಕೆಂಡಿಗೆ 40 ಕಿಲೋಬಿಟ್ ಸಿಕ್ಕಿದರೆ ಪುಣ್ಯ. ಆ ವೇಗದಲ್ಲಿ 5 ಎಂಬಿ ಇಳಿಯಲು ಸುಮಾರು 17 ನಿಮಿಷ ಬೇಕು, ಅದೂ ಮಧ್ಯೆ ಕಡಿಯದಿದ್ದರೆ. ಫೋನ್ ಬಿಲ್ ಓಡುತ್ತಿರುತ್ತದೆ, ಅಷ್ಟು ಹೊತ್ತು ಮನೆಗೆ ಬೇರೆ ಕರೆಯೂ ಬರುವುದಿಲ್ಲ. ಲಂಡನ್ ದರ ನೋಡಿ ಲೈನ್ ಕತ್ತರಿಸುತ್ತಿದ್ದ ಅಪ್ಪನನ್ನು ನಾನು ಈಗ ಬಯ್ಯಲಾರೆ.

ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಪೇಟೆಗಳಿಗೆ ಅದು ಬಂತು, ನಮ್ಮ ಗುಡ್ಡದ ಮೇಲಿನ ಮನೆಗೆ ಬರಲಿಲ್ಲ. ನಮಗೆ ಬಂದದ್ದು ಪೆನ್ ಡ್ರೈವ್. ವೈರಸ್‌ಗೆ ಇಂಟರ್‌ನೆಟ್ಟೇ ಬೇಕಾಗಿಲ್ಲ ಎಂದು ಆಗ ಗೊತ್ತಾಯಿತು. ಪೆನ್ ಡ್ರೈವ್‌ನಲ್ಲಿ ‘ಆಟೋರನ್’ ಎಂಬ ಪುಟ್ಟ ಫೈಲ್ ಇಟ್ಟರೆ, ಒಳಗಿನ ಪ್ರೋಗ್ರಾಂ ಕೆಲವೊಮ್ಮೆ ತಾನಾಗಿ, ಕೆಲವೊಮ್ಮೆ ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಕ್ಷಣ ಓಡುತ್ತಿತ್ತು. 2008ರ ನವೆಂಬರ್‌ನಲ್ಲಿ ಹೊರಟ ವೈರಸ್ ‘ಕಾನ್‌ಫಿಕರ್’ ನೆಟ್‌ವರ್ಕಿನಲ್ಲೂ ಹರಿಯಿತು, ಅದರ ಮುಂದಿನ ರೂಪ ಈ ದಾರಿಯನ್ನೂ ಹಿಡಿಯಿತು. ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಅಕ್ಟೋಬರ್ 23ಕ್ಕೇ ಬಿಟ್ಟಿತ್ತು. ಲೈನ್ ಇದ್ದವರಿಗೆ ಒಂದು ತಿಂಗಳ ಮುಂಚೆ, ಇಲ್ಲದವರಿಗೆ ಯಾವಾಗಲೋ.

ನಮ್ಮ ಮನೆಯ ಕಥೆ ಇನ್ನೂ ಸಣ್ಣದು. ಸೋದರತ್ತೆ ಮಗಳ ಮದುವೆ ಫೋಟೋಗಳನ್ನು ಪೇಟೆಯ ಸ್ಟುಡಿಯೋ ಒಂದರಿಂದ ಪೆನ್ ಡ್ರೈವ್‌ನಲ್ಲಿ ತುಂಬಿಸಿಕೊಂಡು ಬಂದಿದ್ದೆ. ಚುಚ್ಚಿದೆ, ಫೋಟೋ ಚೆನ್ನಾಗಿಯೇ ಬಂದವು. ಮಾರನೇ ದಿನ ಅಪ್ಪನ ಇನ್ನೊಂದು ಪೆನ್ ಡ್ರೈವ್ ಹಾಕಿದರೆ ‘ಬಟವಾಡೆ’, ‘ಚೆರ್ರಿ’, ‘ಮೆಣಸು’ ಫೋಲ್ಡರುಗಳ ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಎಲ್ಲ ಒಂದೊಂದು ಕಿಲೋಬೈಟಿನ ಶಾರ್ಟ್‌ಕಟ್‌ಗಳು. ಮೂರು ವರ್ಷದ ಲೆಕ್ಕ ಹೋಯಿತೆಂದು ಅಪ್ಪ ಅಂದು ರಾತ್ರಿ ಊಟ ಮಾಡಲಿಲ್ಲ. ನಿಜಕ್ಕೂ ಏನೂ ಹೋಗಿರಲಿಲ್ಲ. ಈ ಜಾತಿಯ ವೈರಸ್ ಅಸಲಿ ಫೋಲ್ಡರುಗಳಿಗೆ ‘ಹಿಡನ್’, ‘ಸಿಸ್ಟಮ್’ ಎಂಬ ಗುರುತು ಹಾಕಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ನಿಲ್ಲಿಸುತ್ತದೆ. ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡಿ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಆಟ್ರಿಬ್’ ಆಜ್ಞೆ ಕೊಟ್ಟು ಆ ಗುರುತುಗಳನ್ನು ಕಳೆದಾಗ ಮೂರೂ ಫೋಲ್ಡರ್ ಮರೆಯಿಂದ ಎದ್ದು ಬಂದವು. ಆಗ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇತ್ತೇ? ಒಂದಲ್ಲ, ಎರಡು. ಒಂದರ ಅವಧಿ ಮುಗಿದಿತ್ತು, ಇನ್ನೊಂದನ್ನು ಯಾರೋ ಉಚಿತ ಎಂದು ಹಾಕಿದ್ದರು. ಪ್ರತಿ ಫೈಲ್ ತೆರೆಯುವಾಗಲೂ ಎರಡೂ ಅಡ್ಡಬಂದು ತಪಾಸಣೆ ಮಾಡಲು ಹೋಗಿ ಯಂತ್ರ ತೆವಳುತ್ತಿತ್ತು. ಪಟ್ಟಿ ಮಾತ್ರ ಎರಡರದ್ದೂ ಹಳೆಯದು.

ಪೆನ್ ಡ್ರೈವ್‌ನ ಆಟೋರನ್ ದಾರಿಯನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಮುಚ್ಚಿತು. ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೆ 2011ರ ಫೆಬ್ರವರಿಯ ಅಪ್‌ಡೇಟಿನಲ್ಲಿ ಬಂತು. ಮತ್ತೆ ಅಪ್‌ಡೇಟ್! 2012ರ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್‌ನದೇ ಆದ ಡಿಫೆಂಡರ್ ಪೂರ್ಣ ಆಂಟಿವೈರಸ್ ಆಗಿ ವಿಂಡೋಸ್ ಜತೆಗೇ ಬರತೊಡಗಿತು. ಮನೆ ಬಳಕೆಗೆ ಇವತ್ತು ಅದೇ ಸಾಕು ಎಂಬುದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪ್ ಕೊಂಡಾಗ ಜತೆಗೆ ಬರುವ ಟ್ರಯಲ್ ಆಂಟಿವೈರಸ್ಸಿನ ಅವಧಿ ಮುಗಿದು, ದುಡ್ಡು ಕಟ್ಟಿ ಎಂದು ಪೀಡಿಸುತ್ತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಡಿಫೆಂಡರ್ ತಾನೇ ಎದ್ದು ಕೂರುತ್ತದೆ. ಈಗಿನವು ಬರೀ ಪಟ್ಟಿ ನೋಡುವುದಿಲ್ಲ, ಪ್ರೋಗ್ರಾಂನ ನಡತೆಯನ್ನೂ ಗಮನಿಸುತ್ತವೆ, ಸಂಶಯ ಬಂದರೆ ಕಂಪನಿಯ ಸರ್ವರನ್ನು ಕೇಳುತ್ತವೆ. ಕೇಳಲು ಲೈನ್ ಬೇಕು ಅನ್ನುವುದು ನಮ್ಮ ತಕರಾರು.

2017ರ ಮೇ 12ರಂದು ‘ವಾನ್ನಾಕ್ರೈ’ ಜಗತ್ತಿನಾದ್ಯಂತ ಫೈಲುಗಳಿಗೆ ಬೀಗ ಹಾಕಿ, ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೇಳಿತು. ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಬೀಗಕ್ಕೆ ಬಲಿಯಾದ ಫೈಲನ್ನು ಆಂಟಿವೈರಸ್ ವಾಪಸ್ ತಂದುಕೊಡಲಾರದು. ಬೇರೆ ಕಡೆ ಇಟ್ಟ ಪ್ರತಿಯೊಂದೇ ಗತಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆಗಳೇ ಹೋದ ಮೇಲೆ ನಾವು ತೋಟದ ಲೆಕ್ಕದ ಒಂದು ಹಾರ್ಡ್ ಡಿಸ್ಕನ್ನು ಮೈಸೂರಿನ ತಂಗಿ ಮನೆಯಲ್ಲಿ ಇಟ್ಟಿದ್ದೇವೆ. ಭೂಮಿಗೆ ಹೆದರಿ ಮಾಡಿದ್ದು, ಬೀಗದ ವೈರಸ್‌ಗೂ ಆಗುತ್ತದೆ.

ಅಪ್‌ಡೇಟ್ ಬೇಗ ಬಂದು ಕೆಟ್ಟದ್ದೂ ಉಂಟು. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದು ಕಚೇರಿಗಳ ಸಾಫ್ಟ್‌ವೇರ್, ಮನೆಗಳದ್ದಲ್ಲ. ಫೈಲ್ ಹೊರಟದ್ದು ನಮ್ಮ ಗಡಿಯಾರದ ಬೆಳಗ್ಗೆ 9.39ಕ್ಕೆ, ಸರಿಪಡಿಸಿದ್ದು 10.57ಕ್ಕೆ. ಆ 78 ನಿಮಿಷ ಯಂತ್ರ ಆಫ್ ಆಗಿದ್ದವರು ಬಚಾವು. ಜುಲೈ ತಿಂಗಳಲ್ಲಿ 78 ನಿಮಿಷ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ.

ಈಗಲೂ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿಗೆ ಇಂಟರ್‌ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಆ ಸಂಪರ್ಕ ‘ಮೀಟರ್ಡ್’ ಎಂದು ಗುರುತಾಗಿದ್ದರೆ ಡೇಟಾ ಉಳಿಸಲು ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಡೆದಿಡುತ್ತದೆ. ವಿಂಡೋಸ್ 10ಕ್ಕಂತೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಡಿಫೆಂಡರ್‌ನ ಪಟ್ಟಿ ಆ ಬಳಿಕವೂ ಬರುತ್ತದೆ. ಆದರೆ ಪಟ್ಟಿ ಹುಳುವಿನ ಗುರುತು ಹೇಳುತ್ತದೆಯೇ ಹೊರತು ವಿಂಡೋಸ್‌ನ ತೂತು ಮುಚ್ಚುವುದಿಲ್ಲ.

ಲೈನೇ ಇಲ್ಲದವರಿಗೆ ಒಂದು ದಾರಿ ಇದೆ. ಡಿಫೆಂಡರ್‌ನ ಇಡೀ ಪಟ್ಟಿಯನ್ನು ಒಂದೇ ಫೈಲಾಗಿ ಮೈಕ್ರೋಸಾಫ್ಟ್ ತನ್ನ ಸೈಟಿನಲ್ಲಿ ಇಟ್ಟಿರುತ್ತದೆ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ತಂದು ಎರಡು ಸಲ ಕ್ಲಿಕ್ ಮಾಡಿದರೆ ಮುಗಿಯಿತು. ಕಳೆದ ಕಕ್ಕಡದಲ್ಲಿ ಐದು ದಿನ ಟವರ್ ಸತ್ತಾಗ ನಾನು ಅದನ್ನು ಮಡಿಕೇರಿಯಿಂದ ಹಿಡಿದು ಬಂದೆ, ಪೆನ್ ಡ್ರೈವ್‌ನಲ್ಲಿ. ಚುಚ್ಚಿದೊಡನೆ ಅಪ್ಪ, “ಮೊದಲು ಅದನ್ನೇ ಸ್ಕ್ಯಾನ್ ಮಾಡೋ” ಅಂದರು. ಮಾಡಿದೆ, ಹಳೇ ಪಟ್ಟಿಯಲ್ಲೇ.