ಮೂಳೆ ಕ್ಯಾನ್ಸರ್ ಗೆದ್ದ ಮಕ್ಕಳಿಗೆ ಹೃದಯದ ತಪಾಸಣೆ ಏಕೆ?

"ಐದು ವರ್ಷ ಆಯಿತಲ್ಲ ಡಾಕ್ಟರೇ, ಇನ್ನು ಬರಬೇಕಾಗಿಲ್ಲವಲ್ಲ?" ಚಿಕಿತ್ಸೆ ಮುಗಿಸಿದ ಮಕ್ಕಳ ತಂದೆತಾಯಿ ಆಸೆಯಿಂದ ಕೇಳುವ ಪ್ರಶ್ನೆ ಇದು. ಅವರು ಎಷ್ಟು ದಣಿದಿದ್ದಾರೆ ಎಂಬುದು ನನಗೆ ಗೊತ್ತು. ಆದರೂ ಬರಲೇಬೇಕು ಎನ್ನುತ್ತೇನೆ.

ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ಮೂಳೆ ಕ್ಯಾನ್ಸರ್‌ಗಳು ಎರಡು: ಆಸ್ಟಿಯೋಸಾರ್ಕೋಮಾ ಮತ್ತು ಯೂಯಿಂಗ್ ಸಾರ್ಕೋಮಾ. ಇವು ಮರುಕಳಿಸಿದರೆ ಹೆಚ್ಚಾಗಿ ಶ್ವಾಸಕೋಶದಲ್ಲಿ. ಆದ್ದರಿಂದ ಮೊದಲ 2 ವರ್ಷ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸುತ್ತೇವೆ, ಬರಬರುತ್ತಾ ಅಂತರ ಹೆಚ್ಚುತ್ತದೆ. ಈ ತಪಾಸಣೆಯನ್ನು ತಪ್ಪಿಸುವವರು ಕಡಿಮೆ, ಭಯವೇ ಅವರನ್ನು ಕರೆತರುತ್ತದೆ.

ತಪ್ಪಿಹೋಗುವುದು ಔಷಧಗಳ ತಡವಾದ ಪರಿಣಾಮಗಳ ತಪಾಸಣೆ. ಡಾಕ್ಸೊರುಬಿಸಿನ್ ಎಂಬ ಕೀಮೋಥೆರಪಿ ಔಷಧ ಗಡ್ಡೆಯನ್ನು ಕುಗ್ಗಿಸುತ್ತದೆ ನಿಜ, ಆದರೆ ಹೃದಯದ ಸ್ನಾಯುವನ್ನೂ ದುರ್ಬಲಗೊಳಿಸಬಲ್ಲದು. ಅದು ಬೆಳಕಿಗೆ ಬರುವುದು ಕೆಲವೊಮ್ಮೆ ಹತ್ತಿಪ್ಪತ್ತು ವರ್ಷಗಳ ಮೇಲೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಹೆಚ್ಚು ಪಡೆದವರನ್ನು ಹೆಚ್ಚಿನ ಅಪಾಯದವರೆಂದು ಪರಿಗಣಿಸುತ್ತೇವೆ. ಆಸ್ಟಿಯೋಸಾರ್ಕೋಮಾಕ್ಕೆ ರೂಢಿಯಲ್ಲಿರುವ ಪ್ರಮಾಣವೇ ಸುಮಾರು 450! ಅಂಥವರಿಗೆ ಏದುಸಿರು, ಕಾಲಿನ ಬಾವು ಇಲ್ಲದಿದ್ದರೂ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಆಗಬೇಕು. ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲು ಅಥವಾ ಗರ್ಭಿಣಿಯಾದ ಆರಂಭದಲ್ಲಿ ಹೃದಯ ತೋರಿಸಿಕೊಳ್ಳಬೇಕು.

ಇನ್ನೊಂದು ಕೀಮೋಥೆರಪಿ ಔಷಧವಾದ ಸಿಸ್‌ಪ್ಲಾಟಿನ್‌ನಿಂದ ಕಿವಿಗೆ ಆಗುವ ಹಾನಿ ಮನೆಯವರ ಗಮನಕ್ಕೇ ಬರುವುದಿಲ್ಲ. ಹೆಸರು ಹಿಡಿದು ಕೂಗಿದರೆ ಮಗು ತಿರುಗಿ ನೋಡುತ್ತದೆ, ಕಿವಿ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆದರೆ ಮೊದಲು ಹೋಗುವುದು ತಾರಸ್ವರದ ಶಬ್ದಗಳು. ಗದ್ದಲದ ತರಗತಿಯಲ್ಲಿ ಸ, ಶ, ಫ ಅಕ್ಷರಗಳು ಜಾರಿಹೋಗುತ್ತವೆ. ಮಗು ಅರ್ಧ ಮಾತನ್ನು ಊಹಿಸಿಕೊಳ್ಳುತ್ತದೆ. ಅದಕ್ಕೆ "ಪಾಠದ ಮೇಲೆ ಗಮನವಿಲ್ಲ" ಎಂಬ ದೂರು ಬಂದರೆ ನನಗೆ ಸಂಕಟವಾಗುತ್ತದೆ. ಗದರುವ ಮೊದಲು ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ. ಈ ಔಷಧ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಜೊತೆಗೆ ಮೆಗ್ನೀಸಿಯಂ ಕೂಡ ನೋಡಬೇಕು.

ಗಡ್ಡೆಯಿದ್ದ ಮೂಳೆ ತೆಗೆಸಿ ಕೃತಕ ಕೀಲು ಹಾಕಿಸಿಕೊಂಡವರಿಗೆ ಒಂದು ಮಾತು: ಆ ಜಾಗದಲ್ಲಿ ಹೊಸದಾಗಿ ನೋವು, ಬಾವು ಅಥವಾ ಬಿಸಿ ಕಾಣಿಸಿದರೆ, ಇಲ್ಲವೇ ಜ್ವರ ಬಂದರೆ ಮನೆಯಲ್ಲಿರುವ ಆ್ಯಂಟಿಬಯೋಟಿಕ್ ನುಂಗಿ ಕಾಯಬೇಡಿ, ಅದೇ ದಿನ ತೋರಿಸಿ. ಸೋಂಕು ಕೀಲಿಗೆ ಇಳಿದರೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಳೆಯುವ ವಯಸ್ಸಿನಲ್ಲಿ ಎರಡು ಕಾಲುಗಳ ಉದ್ದವನ್ನೂ ಅಳೆಯುತ್ತಿರಬೇಕು.

ಮಕ್ಕಳು ಹದಿನೈದು ಹದಿನಾರಕ್ಕೆ ಬಂದಾಗ ತಾಯಿಯನ್ನು ಬಿಟ್ಟು ಅವರನ್ನೇ ಕೇಳತೊಡಗುತ್ತೇನೆ: "ನಿನಗೆ ಯಾವ ಔಷಧ ಕೊಟ್ಟಿದ್ದರು, ಹೇಳು ನೋಡೋಣ?" ಹೆಚ್ಚಿನವರು ಅಮ್ಮನ ಮುಖ ನೋಡುತ್ತಾರೆ. ಕಾಯಿಲೆಯ ಹೆಸರು, ಪ್ರತಿ ಔಷಧದ ಒಟ್ಟು ಪ್ರಮಾಣ, ವಿಕಿರಣ ಕೊಟ್ಟಿದ್ದರೆ ಯಾವ ಭಾಗಕ್ಕೆ ಎಷ್ಟು, ಕೀಲಿನ ವಿವರ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಅದರ ಚಿತ್ರ ಅವರ ಮೊಬೈಲ್‌ನಲ್ಲಿಯೂ ಇರಲಿ. ಮುಂದೆ ಬೇರೆ ಊರಿನಲ್ಲಿ ಅವರನ್ನು ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.